ಹಿಣಿಲಿನ ಮೇಲಣ ಹಾದಿ

ರಾಜ್ಯಕ್ಕೆ ಏಳು ಅಂಗಗಳುಂಟೆಂದು ನಮ್ಮ ಪ್ರಾಚೀನ ನೀತಿಶಾಸ್ತ್ರಕಾರರು ಎಣಿಸಿದ್ದಾರೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಇವು ಆರು, ಕಟ್ಟಕಡೆಯದು ಮಿತ್ರ. ಮೊದಲಿನ ಆರೂ ಅರಸನ ಗಡಿಯೊಳಗೆ ಇರತಕ್ಕವು. ಏಳನೆಯದೊಂದೇ ಗಡಿಯ ಹೊರಗಿನದು. ತನ್ನದಲ್ಲದ ನೆಲದಲ್ಲಿರುವ ಈ ಅಂಗವನ್ನು ತನ್ನ ಮೈಯ ಭಾಗವೆಂದು ಹೇಗೆ ಎಣಿಸುವುದು? ಕೌಟಿಲ್ಯನು ಒಳ್ಳೆಯ ಮಿತ್ರನ ಲಕ್ಷಣಗಳನ್ನು ಹೇಳುವಾಗ, ಅವನು ಬೇಗನೆ ಸಜ್ಜಾಗಿ ಬರುವವನಾಗಿರಬೇಕು ಎಂಬುದರ ಜೊತೆಗೆ, ನಮಗೆ ವಶನಾಗಿರುವವನೂ ಆಗಿರಬೇಕು ಎಂಬ ಮಾತನ್ನು ಸೇರಿಸಿದ್ದಾನೆ. ಮಿತ್ರನೂ ಆಗಿರಬೇಕು, ವಶನೂ ಆಗಿರಬೇಕು. ತೊಡಕು ಇರುವುದೇ ಇಲ್ಲಿ.

ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಹೇಳುವಾಗ ಒಬ್ಬ ಹುಡುಗ ನನ್ನನ್ನು ಕೇಳಿದ: “ಸಾರ್, ಅಮೆರಿಕದವರು ಚೀನಾದವರಿಗೆ ಅಷ್ಟೊಂದು ಸಾಮಾನು ಕೊಟ್ಟರಲ್ಲ, ಅದು ದಾನವೋ ಸಾಲವೋ?” ಪುಸ್ತಕದಲ್ಲಿದ್ದುದು ಒಂದೇ ವಾಕ್ಯ. ಉತ್ತರ ಹೇಳಹೊರಟಾಗ ಅದು ದಾನವೂ ಅಲ್ಲ, ಸಾಲವೂ ಅಲ್ಲ, ಮೂರನೆಯದೊಂದು ಎಂದು ತೋರಿತು. ಆ ಮೂರನೆಯದಕ್ಕೆ ನಮ್ಮ ಹಳಗನ್ನಡದಲ್ಲಿ ಒಂದು ಹೆಸರಿದೆ, ಜೋಳವಾಳಿ. ಜೋಳವನ್ನಿಟ್ಟು ಸಾಕಿದ ಒಡೆಯನಿಗೆ ಕಾಳಗದಲ್ಲಿ ಮೈಯೊಡ್ಡಿ ಋಣವನ್ನು ತೀರಿಸುವ ಧರ್ಮ ಅದು. ಉಂಡವನು ಧಾನ್ಯವನ್ನು ಹಿಂದಕ್ಕೆ ಅಳೆದುಕೊಡಬೇಕಾಗಿಲ್ಲ; ಸಮಯ ಬಂದಾಗ ತಲೆಯನ್ನು ಕೊಡಬೇಕು. ದೇಶ ದೇಶಗಳ ನಡುವೆಯೂ ಈ ಲೆಕ್ಕ ನಡೆಯುತ್ತದೆಯೆ? ನಡೆದರೆ ಏನಾಗುತ್ತದೆ? ಇದನ್ನು ತಿಳಿಯಲು ೧೯೪೨ರಿಂದ ೧೯೪೫ರವರೆಗೆ ನಮ್ಮ ಅಸ್ಸಾಮಿನಿಂದ ಚೀನಾದ ಕುನ್ಮಿಂಗ್ ನಗರಕ್ಕೆ ಬೆಟ್ಟಗಳ ಮೇಲೆ ನಡೆದ ವಿಮಾನಸಂಚಾರದ ಕಥೆಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಆ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವುಂಟು.

೧೯೩೭ನೆಯ ಇಸವಿ ಜುಲೈ ೭ರ ರಾತ್ರಿ ಪೀಕಿಂಗ್ ನಗರದ ಬಳಿ, ಮಾರ್ಕೊ ಪೋಲೋ ಸೇತುವೆಯೆಂದು ಹೊರಗಿನವರು ಕರೆಯುವ ಸ್ಥಳದಲ್ಲಿ, ಜಪಾನೀ ಮತ್ತು ಚೀನೀ ಸೈನಿಕರ ನಡುವೆ ಗುಂಡು ಹಾರಿತು. ಅಲ್ಲಿಂದ ಮುಂದಕ್ಕೆ ಯುದ್ಧವು ಕಾಡುಕಿಚ್ಚಿನಂತೆ ಹರಡಿತು. ಅದೇ ವರ್ಷದ ನವೆಂಬರಿನಲ್ಲಿ ಷಾಂಘಾಯ್ ಬಿತ್ತು. ಡಿಸೆಂಬರಿನಲ್ಲಿ ರಾಜಧಾನಿಯಾದ ನಾನ್ಕಿಂಗ್ ಬಿದ್ದು, ಅಲ್ಲಿಯ ಪ್ರಜೆಗಳು ಪಟ್ಟ ಪಾಡನ್ನು ಕೇಳಿ ಜಗತ್ತು ನಡುಗಿತು. ೧೯೩೮ರ ಅಕ್ಟೋಬರಿನಲ್ಲಿ ಕ್ಯಾಂಟನ್ ಮತ್ತು ವೂಹಾನ್ ಎರಡೂ ಕೈಬಿಟ್ಟುವು. ಚಿಯಾಂಗ್ ಕೈಷೇಕನ ಸರ್ಕಾರ ಯಾಂಗ್‌ಟ್ಸೆ ನದಿಯ ಮೇಲ್ಭಾಗದ ಚುಂಗ್ಕಿಂಗ್ ನಗರವನ್ನು ಸೇರಿತು. ಬಂದರುಗಳೆಲ್ಲ ವೈರಿಯ ಕೈಯಲ್ಲಿ, ಹಿಂದೆ ಪರ್ವತಗಳು. ಆದರೂ ಚೀನಾ ಶರಣಾಗಲಿಲ್ಲ.

ಈ ದಿನಗಳಲ್ಲಿ ಅದಕ್ಕೆ ಮೊದಲು ಕೈನೀಡಿದವರು ಅಮೆರಿಕದವರಲ್ಲ, ರಷ್ಯದವರು. ೧೯೩೭ರ ಆಗಸ್ಟಿನಲ್ಲಿ ಒಪ್ಪಂದವಾಗಿ, ಸಿಂಕಿಯಾಂಗಿನ ಮರಳುಗಾಡಿನ ಹಾದಿಯಲ್ಲಿ ರಷ್ಯದ ವಿಮಾನಗಳೂ ಫಿರಂಗಿಗಳೂ ಬಂದುವು. ಅವರ ವೈಮಾನಿಕರು ಸ್ವಯಂಸೇವಕರೆಂಬ ಹೆಸರಿನಲ್ಲಿ ಚೀನಾದ ಆಕಾಶದಲ್ಲಿ ಹೋರಾಡಿ ಇನ್ನೂರಕ್ಕೂ ಮಿಕ್ಕಿ ಮಂದಿ ಮಡಿದರು. ಆದರೆ ೧೯೪೧ರ ಏಪ್ರಿಲಿನಲ್ಲಿ ರಷ್ಯವು ಜಪಾನಿನೊಡನೆ ತಟಸ್ಥತೆಯ ಕರಾರನ್ನು ಮಾಡಿಕೊಂಡಿತು. ತನ್ನ ಪಶ್ಚಿಮದ ಗಡಿಯಲ್ಲಿ ಹಿಟ್ಲರನ ಭಯ ಅದಕ್ಕೆ. ಎರಡು ಕಡೆಯ ಯುದ್ಧ ಬೇಡವಾಗಿತ್ತು. ಆ ಬಾಗಿಲು ಹೀಗೆ ಮುಚ್ಚುತ್ತ ಬಂತು.

ಇನ್ನೊಂದು ಬಾಗಿಲು ಬರ್ಮಾದ್ದು. ರಂಗೂನಿನ ಬಂದರಿನಲ್ಲಿ ಇಳಿದ ಸಾಮಾನು ರೈಲಿನಲ್ಲಿ ಲಾಷಿಯೋ ಊರಿಗೆ ಬಂದು, ಅಲ್ಲಿಂದ ೭೧೭ ಮೈಲಿಯ ಬೆಟ್ಟದ ರಸ್ತೆಯಲ್ಲಿ ಕುನ್ಮಿಂಗಿಗೆ ಹೋಗುತ್ತಿತ್ತು. ಈ ರಸ್ತೆಯ ಚೀನಾದ ಭಾಗವನ್ನು ಸುಮಾರು ಎರಡು ಲಕ್ಷ ಹಳ್ಳಿಗರು, ಅವರಲ್ಲಿ ಹೆಂಗಸರೂ ಮಕ್ಕಳೂ ಸೇರಿ, ಯಂತ್ರದ ಸಹಾಯ ಬಹುಮಟ್ಟಿಗೆ ಇಲ್ಲದೆ ಬರಿಗೈಯಿಂದ ಕಡಿದಿದ್ದರು. ೧೯೪೦ರ ಜುಲೈನಲ್ಲಿ, ಫ್ರಾನ್ಸು ಬಿದ್ದು ಇಂಗ್ಲೆಂಡು ಒಂಟಿಯಾಗಿದ್ದ ಕಾಲದಲ್ಲಿ, ಜಪಾನು ಗದರಿಸಲಾಗಿ ಬ್ರಿಟಿಷರು ಈ ರಸ್ತೆಯನ್ನು ಮೂರು ತಿಂಗಳು ಮುಚ್ಚಿದರು. ಅಕ್ಟೋಬರಿನಲ್ಲಿ ಮತ್ತೆ ತೆರೆದರು. ಪರರ ಅಂಗಳದ ದಾರಿಯನ್ನು ನಂಬಿದವನಿಗೆ ಆ ಮೂರು ತಿಂಗಳು ಮರೆಯಲಾರದ ಪಾಠವಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ರೂಸ್‌ವೆಲ್ಟ್ ೧೯೪೦ರ ಡಿಸೆಂಬರಿನಲ್ಲಿ ಪತ್ರಕರ್ತರಿಗೆ ಒಂದು ಸಾಮತಿಯನ್ನು ಹೇಳಿದ. ನೆರೆಮನೆಗೆ ಬೆಂಕಿ ಬಿದ್ದಿದೆ. ನನ್ನ ತೋಟದ ನೀರಿನ ಕೊಳವೆಯನ್ನು ಕೊಟ್ಟರೆ ಅವನು ಬೆಂಕಿ ಆರಿಸಿಕೊಂಡಾನು. ಆ ಹೊತ್ತಿನಲ್ಲಿ ಕೊಳವೆಯ ಬೆಲೆಯನ್ನು ಕೇಳುತ್ತ ನಿಲ್ಲುವುದುಂಟೆ? ಬೆಂಕಿ ಆರಿದ ಮೇಲೆ ಕೊಳವೆಯನ್ನು ಹಿಂದಕ್ಕೆ ಕೊಟ್ಟರೆ ಸಾಕು. ಈ ಸಾಮತಿಯ ಬೆನ್ನಿಗೆ ೧೯೪೧ರ ಮಾರ್ಚ್ ೧೧ರಂದು ‘ಲೆಂಡ್-ಲೀಸ್’ ಎಂಬ ಶಾಸನ ಬಂತು. ಎರವಲಾಗಿಯೋ ಗುತ್ತಿಗೆಯಾಗಿಯೋ ಯುದ್ಧಸಾಮಗ್ರಿಯನ್ನು ಮಿತ್ರರಾಷ್ಟ್ರಗಳಿಗೆ ಕೊಡಲು ಅಧ್ಯಕ್ಷನಿಗೆ ಅಧಿಕಾರ ದೊರೆಯಿತು. ಮೇ ತಿಂಗಳಲ್ಲಿ ಚೀನಾಕ್ಕೂ ಇದು ಅನ್ವಯಿಸಿತು. ಸಾಮತಿ ಸೊಗಸಾದದ್ದೇ. ಆದರೆ ಕೊಳವೆ ಹಿಂದಕ್ಕೆ ಬರುತ್ತದೆ, ಹಾರಿದ ಗುಂಡು ಬರುವುದಿಲ್ಲ. ಉರಿದ ಪೆಟ್ರೋಲು ಬರುವುದಿಲ್ಲ. ಹಾಗಾದರೆ ಕೊಟ್ಟವನಿಗೆ ಹಿಂದಕ್ಕೆ ಬರಬೇಕಾದದ್ದು ಏನು? ಇದನ್ನು ಶಾಸನವು ಅಧ್ಯಕ್ಷನ ವಿವೇಚನೆಗೆ ಬಿಟ್ಟಿತ್ತು.

ಇಲ್ಲಿ ಬೆಂಗಳೂರಿನ ಮಾತು ಬರುತ್ತದೆ. ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಿ ಚೀನಾದಲ್ಲಿ ವಿಮಾನಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದ. ಜಪಾನೀಯರು ಮುಂದೊತ್ತಿದಂತೆಲ್ಲ ಅದು ಊರಿಂದೂರಿಗೆ ಹಿಂಜರಿದು, ಕೊನೆಗೆ ಬರ್ಮಾದ ಗಡಿಯ ಲೋಯ್‌ವಿಂಗ್ ಎಂಬಲ್ಲಿ ನೆಲೆಸಿತು. ೧೯೪೦ರ ಅಕ್ಟೋಬರಿನಲ್ಲಿ ಅಲ್ಲಿಯೂ ಬಾಂಬು ಬಿತ್ತು. ಇದಕ್ಕೆ ಮುಂಚೆಯೇ ಪಾಲಿಗೆ ನಮ್ಮ ಉದ್ಯಮಿ ವಾಲಚಂದ್ ಹೀರಾಚಂದರ ಪರಿಚಯವಾಗಿತ್ತು. ಭಾರತದಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಬೇಕೆಂಬ ಹಂಬಲ ವಾಲಚಂದರದು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರ ನೆಲವನ್ನು ಕೊಟ್ಟು, ಹಣದಲ್ಲಿಯೂ ಪಾಲುಗೊಂಡಿತು. ೧೯೪೦ರ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿತು. ಚೀನಾದ ಕಾರ್ಖಾನೆಯಲ್ಲಿ ನಡೆಯಬೇಕಾಗಿದ್ದ ಹಾಕ್ ಯುದ್ಧವಿಮಾನಗಳ ಜೋಡಣೆಯ ಕೆಲಸ ಬೆಂಗಳೂರಿಗೆ ಬಂತು. ಮುಂದೆ ಹೆಚ್.ಎ.ಎಲ್. ಎಂದು ನಾಡಿಗೆಲ್ಲ ಪರಿಚಿತವಾದ ಈ ಸಂಸ್ಥೆಯ ಆದಿಪರ್ವದಲ್ಲಿ ಚೀನಾದ ಸಂಕಟದ ಒಂದು ಎಳೆ ಹೀಗೆ ಸೇರಿಕೊಂಡಿದೆ.

ಇದೇ ಪಾಲಿಯ ಚೀನಾ ಕಂಪನಿಯ ಹೆಸರಿನಲ್ಲಿಯೇ ೧೯೪೧ರಲ್ಲಿ ಅಮೆರಿಕದ ವೈಮಾನಿಕರ ಒಂದು ಗುಂಪು ಸಂಬಳಕ್ಕೆ ಸೇರಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾಗಿ ಅವರು ಕಾಗದದ ಮೇಲೆ ಕಂಪನಿಯ ನೌಕರರು. ನಾಯಕ ಕ್ಲೇರ್ ಚೆನಾಲ್ಟ್. ಕೈಯಲ್ಲಿದ್ದುದು ನೂರು ಪಿ-೪೦ ವಿಮಾನಗಳು. ೧೯೪೧ರ ಡಿಸೆಂಬರ್ ೨೦ರಂದು ಕುನ್ಮಿಂಗಿನ ಮೇಲೆ ಬಂದ ಜಪಾನೀ ಬಾಂಬರುಗಳನ್ನು ಇವರು ಮೊದಲ ಸಲ ಎದುರಿಸಿ ಅಟ್ಟಿದರು. ವರ್ಷಗಟ್ಟಲೆ ತಡೆಯುವವರಿಲ್ಲದೆ ಬಾಂಬಿನ ಮಳೆಯನ್ನು ಸಹಿಸಿದ್ದ ಊರಿನವರಿಗೆ ಅದೊಂದು ಹಬ್ಬವಾಯಿತು. ‘ಹಾರುವ ಹುಲಿಗಳು’ ಎಂದು ಇವರು ಪ್ರಸಿದ್ಧರಾದರು.

ಆದರೆ ಆ ಹಬ್ಬಕ್ಕೆ ಎರಡು ವಾರ ಮೊದಲೇ, ಡಿಸೆಂಬರ್ ೭ರಂದು, ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದಿತ್ತು. ೧೯೪೨ರ ಮಾರ್ಚ್ ೮ರಂದು ರಂಗೂನು, ಏಪ್ರಿಲಿನ ಕೊನೆಗೆ ಲಾಷಿಯೋ ಜಪಾನೀಯರ ವಶವಾದುವು. ಬರ್ಮಾದ ರಸ್ತೆ ಕಡಿದುಹೋಯಿತು. ಚೀನಾದ ಸೇನೆಗಳ ನಾಯಕತ್ವಕ್ಕೆಂದು ಅಮೆರಿಕ ಕಳುಹಿಸಿದ್ದ ಜನರಲ್ ಸ್ಟಿಲ್‌ವೆಲ್ ಸುಮಾರು ನೂರು ಜನರೊಡನೆ ಕಾಡಿನಲ್ಲಿ ಕಾಲ್ನಡೆಯಾಗಿ ಇಂಫಾಲವನ್ನು ಸೇರಿದ. ಭೂಮಿಯ ಮೇಲಣ ದಾರಿಗಳೆಲ್ಲ ಮುಗಿದುವು. ಉಳಿದದ್ದು ಆಕಾಶ.

ಅಸ್ಸಾಮಿನ ಮೇಲ್ಭಾಗದಲ್ಲಿ ಚಾಬುವಾ, ದಿಂಜಾನ್, ಜೋರ್ಹಾಟ್ ಮೊದಲಾದ ಕಡೆ ಚಹಾತೋಟಗಳ ನಡುವೆ ವಿಮಾನದ ನೆಲೆಗಳು ಎದ್ದುವು. ಅಲ್ಲಿಂದ ಕುನ್ಮಿಂಗಿಗೆ ಸುಮಾರು ೫೦೦ ಮೈಲಿ. ನಡುವೆ ಪಾಟ್ಕಾಯ್ ಬೆಟ್ಟಗಳು. ಐರಾವತಿ, ಸಾಲ್ವೀನ್, ಮೆಕಾಂಗ್ ನದಿಗಳ ಕಮರಿಗಳು. ಅವುಗಳ ನಡುವೆ ಹದಿನೈದು ಸಾವಿರ ಅಡಿಗಳವರೆಗೆ ಏರಿದ ಪರ್ವತಸಾಲು. ಎತ್ತಿನ ಬೆನ್ನಿನ ಮೇಲಣ ಹಿಣಿಲಿನಂತೆ ದಾರಿಗೆ ಅಡ್ಡಲಾಗಿ ನಿಂತ ಈ ಸಾಲಿಗೆ ವೈಮಾನಿಕರು ‘ಹಂಪ್’ ಎಂದು ಹೆಸರಿಟ್ಟರು. ಅದೇ ಹಿಣಿಲು. ನೇರವಾದ ದಕ್ಷಿಣದ ಹಾದಿಯಲ್ಲಿ ಬೆಟ್ಟ ತಗ್ಗು. ಆದರೆ ಮಿಚ್ಚೀನಾ ಊರಿನ ವಿಮಾನನೆಲೆಯಲ್ಲಿ ಜಪಾನೀಯರು ಕಾದಿದ್ದರು. ಆದುದರಿಂದ ಎತ್ತರವಾದ ಉತ್ತರದ ಹಾದಿಯನ್ನೇ ಹಿಡಿಯಬೇಕಾಗಿತ್ತು.

ಆ ಹಾದಿಯಲ್ಲಿ ಮೂರು ಕಡೆಯ ಗಾಳಿ ಕೂಡುತ್ತದೆ. ಗಂಟೆಗೆ ನೂರು ಮೈಲಿಗೂ ಹೆಚ್ಚಿನ ವೇಗದ ಬಿರುಗಾಳಿ ವಿಮಾನವನ್ನು ಕ್ಷಣದಲ್ಲಿ ಸಾವಿರಾರು ಅಡಿ ಎತ್ತಿ ಎಸೆಯುತ್ತಿತ್ತು. ಮಳೆಗಾಲದಲ್ಲಿ ಮೋಡದ ಗೋಡೆ, ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಹೆಪ್ಪುಗಟ್ಟುವ ಮಂಜು. ನಂಬತಕ್ಕ ಭೂಪಟವಿಲ್ಲ, ದಾರಿ ತೋರುವ ರೇಡಿಯೊ ಸಾಧನಗಳು ಕಡಮೆ. ಹಾರಿಸುವವರಲ್ಲಿ ಬಹುಮಂದಿ ಇಪ್ಪತ್ತು ಇಪ್ಪತ್ತೆರಡರ ತರುಣರು. ಬಿದ್ದ ವಿಮಾನಗಳ ಲೋಹದ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದುದರಿಂದ ಆ ದಾರಿಗೆ ‘ಅಲ್ಯೂಮಿನಿಯಂ ಹಾದಿ’ ಎಂಬ ಅಡ್ಡಹೆಸರೂ ಬಂತು. ಯುದ್ಧ ಮುಗಿಯುವ ಹೊತ್ತಿಗೆ ನಷ್ಟವಾದ ವಿಮಾನಗಳು ಸುಮಾರು ಆರುನೂರು. ಸತ್ತವರೂ ಕಾಣೆಯಾದವರೂ ಸಾವಿರಕ್ಕೆ ಬಹಳ ಮಿಕ್ಕಿ.

ಒಂದು ಟನ್ನು ಸಾಮಾನು ಕುನ್ಮಿಂಗನ್ನು ಸೇರಬೇಕಾದರೆ ಏನೇನು ಆಗಬೇಕಾಗಿತ್ತು ಎಂಬುದನ್ನು ಯೋಚಿಸಬೇಕು. ಅದು ಅಮೆರಿಕದಿಂದ ಅರ್ಧ ಭೂಮಿಯನ್ನು ಸುತ್ತಿ ಕರಾಚಿಗೋ ಕಲ್ಕತ್ತೆಗೋ ಬರಬೇಕು. ಕಲ್ಕತ್ತೆಯಿಂದ ರೈಲಿನಲ್ಲಿ ಹೊರಟು, ಹಳಿಯ ಅಗಲ ಬದಲಾಗುವ ಕಡೆ ಗಾಡಿಯಿಂದ ಗಾಡಿಗೆ ಇಳಿಸಿ ಏರಿಸಿಕೊಂಡು, ಸೇತುವೆಯಿಲ್ಲದ ಬ್ರಹ್ಮಪುತ್ರೆಯನ್ನು ದೋಣಿಯ ಮೇಲೆ ದಾಟಿ, ಚಹಾ ಸಾಗಿಸಲು ಹಾಕಿದ್ದ ಸಣ್ಣ ರೈಲುದಾರಿಯಲ್ಲಿ ಮೇಲಸ್ಸಾಮನ್ನು ಮುಟ್ಟಬೇಕು. ಅಲ್ಲಿಂದ ಮುಂದೆ ಹಿಣಿಲು. ಆಚೆ ಇಳಿದ ವಿಮಾನಕ್ಕೆ ಹಿಂದಿರುಗಲು ಬೇಕಾದ ಎಣ್ಣೆಯನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಹೊತ್ತೊಯ್ದದ್ದರಲ್ಲಿ ದೊಡ್ಡ ಪಾಲು ಪೆಟ್ರೋಲಿನ ಪೀಪಾಯಿ. ಉಳಿದದ್ದು ಮದ್ದುಗುಂಡು, ಔಷಧ, ಯಂತ್ರಭಾಗ, ಹೊರದೇಶದಲ್ಲಿ ಅಚ್ಚಾದ ಚೀನಾದ ನೋಟಿನ ಕಂತೆಗಳು ಕೂಡ. ಹಿಂದಿರುಗುವಾಗ ಟಂಗ್ಸ್ಟನ್, ತವರ, ಹಂದಿಯ ಕೂದಲು ಬರುತ್ತಿದ್ದುವು. ಮನುಷ್ಯರೂ ಬರುತ್ತಿದ್ದರು, ಅವರ ಮಾತನ್ನು ಮುಂದೆ ಹೇಳುತ್ತೇನೆ.

೧೯೪೨ರ ಮೊದಲ ತಿಂಗಳುಗಳಲ್ಲಿ ಸೇರಿದ್ದು ತಿಂಗಳಿಗೆ ನೂರು ಟನ್ನಿನ ಆಸುಪಾಸು. ರೂಸ್‌ವೆಲ್ಟ್ ಹತ್ತು ಸಾವಿರ ಟನ್ನು ಬೇಕೆಂದು ಆಜ್ಞೆ ಮಾಡಿದ. ೧೯೪೩ರ ಡಿಸೆಂಬರಿನಲ್ಲಿ ಆ ಗುರಿ ದಾಟಿತು. ೧೯೪೪ರ ಸೆಪ್ಟೆಂಬರಿನಲ್ಲಿ ವಿಲಿಯಂ ಟನ್ನರ್ ಎಂಬ ದಕ್ಷ ಅಧಿಕಾರಿ ಬಂದ ಮೇಲೆ ಶಿಸ್ತು ಬಿಗಿಯಾಗಿ ಅಪಘಾತಗಳು ಇಳಿದುವು, ಸಾಗಣೆ ಏರಿತು. ೧೯೪೫ರ ಜುಲೈ ಒಂದರಲ್ಲೇ ೭೧,೦೦೦ ಟನ್ನು ಸಾಗಿತು. ಒಟ್ಟಿನಲ್ಲಿ ಸುಮಾರು ಆರೂವರೆ ಲಕ್ಷ ಟನ್ನು. ಇದೇ ಟನ್ನರ್ ೧೯೪೮-೪೯ರಲ್ಲಿ ಬರ್ಲಿನ್ ನಗರಕ್ಕೆ ವಿಮಾನದಲ್ಲಿ ಅನ್ನವನ್ನೂ ಕಲ್ಲಿದ್ದಲನ್ನೂ ಸಾಗಿಸಿದವನು. ವಿದ್ಯೆ ಕಲಿತದ್ದು ಅಸ್ಸಾಮಿನಲ್ಲಿ.

ಇಷ್ಟು ವಿಮಾನಗಳು ಓಡಾಡಿದರೆ ಸವೆತವೂ ಅಷ್ಟೇ. ೧೯೪೩ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಾರ್ಖಾನೆಯ ಆಡಳಿತವನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಲಾಯಿತು. ಭಾರತ, ಬರ್ಮಾ, ಚೀನಾ ರಣರಂಗದ ವಿಮಾನಗಳೂ ಎಂಜಿನುಗಳೂ ಇಲ್ಲಿಗೆ ಬಂದು, ಬಿಚ್ಚಿ, ತೊಳೆದು, ಮತ್ತೆ ಕೂಡಿಸಿಕೊಂಡು ಹೋಗುತ್ತಿದ್ದುವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಿಗೆ ಬೆಳ್ಳಂದೂರಿನ ಕೆರೆಯೇ ಬಂದರಾಯಿತು. ಕೊಡಲಿ ಗುದ್ದಲಿ ಹಿಡಿದ ಮನೆತನಗಳ ಹುಡುಗರು ವಿಮಾನದ ಎಂಜಿನಿನ ಒಳಗನ್ನು ಕಂಡದ್ದು ಈ ದಿನಗಳಲ್ಲಿ. ಯುದ್ಧ ಮುಗಿದು ವಿದೇಶೀಯರು ಹೊರಟ ಮೇಲೂ ಆ ಕೈಕೆಲಸ ಇಲ್ಲಿಯೇ ಉಳಿಯಿತು. ಚೀನಾಕ್ಕೆಂದು ಹರಿದ ನೀರು ದಾರಿಯಲ್ಲಿ ನಮ್ಮ ಗದ್ದೆಯನ್ನೂ ನೆನೆಸಿತೆನ್ನಬಹುದು.

ಆದರೆ ಎಲ್ಲ ಕಡೆಯೂ ನೀರೇ ಹರಿಯಲಿಲ್ಲ. ೧೯೪೩ರಲ್ಲಿ ಬಂಗಾಳದಲ್ಲಿ ಕ್ಷಾಮ ಬಿದ್ದು ಮೂವತ್ತು ಲಕ್ಷದ ಸುತ್ತ ಜನ ಸತ್ತರೆಂದು ಅಂದಾಜು. ಚೀನಾಕ್ಕೆ ಹೋಗುವ ಪೀಪಾಯಿಗಳು ಇಳಿಯುತ್ತಿದ್ದ ಅದೇ ಕಲ್ಕತ್ತೆಯ ಬೀದಿಗಳಲ್ಲಿ ಹೆಣಗಳು ಬಿದ್ದಿದ್ದುವು. ಯುದ್ಧದ ಸಾಮಾನಿಗೆ ಗಾಡಿಗಳಿದ್ದುವು, ಅಕ್ಕಿಗೆ ಸಕಾಲದಲ್ಲಿ ದೊರೆಯಲಿಲ್ಲ. ನಮ್ಮ ದೇಶ ಆಗ ತನ್ನ ಮಾತನ್ನು ತಾನಾಡುವ ಸ್ಥಿತಿಯಲ್ಲಿರಲಿಲ್ಲ. ಚೀನಾದ ಬಗೆಗೆ ನಮ್ಮವರಿಗಿದ್ದ ಸ್ನೇಹ ಬೇರೆ ಬಗೆಯದು. ೧೯೩೮ರಲ್ಲಿಯೇ ಕಾಂಗ್ರೆಸ್ಸು ಐವರು ವೈದ್ಯರನ್ನು ಅಲ್ಲಿಗೆ ಕಳುಹಿಸಿತ್ತು. ಅವರಲ್ಲೊಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟಣಿಸ್. ಗಾಯಾಳುಗಳ ಸೇವೆಯಲ್ಲಿಯೇ ೧೯೪೨ರ ಡಿಸೆಂಬರಿನಲ್ಲಿ ಅಲ್ಲಿ ತೀರಿಕೊಂಡರು. ಅದು ಕೊಡಬೇಕೆಂದು ಕೊಟ್ಟದ್ದು. ಬಂಗಾಳ ಮತ್ತು ಅಸ್ಸಾಮಿನ ಬಡವರು ತೆತ್ತದ್ದು ಯಾರೂ ಕೇಳದೆ ತೆಗೆದುಕೊಂಡದ್ದು.

ಇನ್ನು ಹಿಣಿಲನ್ನು ದಾಟಿದ ಸಾಮಾನು ಯಾರಿಗೆ ಸೇರಿತು ಎಂಬುದನ್ನು ನೋಡೋಣ. ಚೀನಾದ ಸಿಪಾಯಿಗೆ ಎಂದು ನಾವು ಊಹಿಸುತ್ತೇವೆ. ವಾಸ್ತವದಲ್ಲಿ ಬಹುಪಾಲು ಹೋದದ್ದು ಚೀನಾದಲ್ಲಿದ್ದ ಅಮೆರಿಕದ ವಾಯುಪಡೆಗಳಿಗೆ. ಇದರ ಸುತ್ತ ಒಂದು ದೊಡ್ಡ ಜಗಳ ನಡೆಯಿತು. ಸಾಕಷ್ಟು ಪೆಟ್ರೋಲು ಕೊಟ್ಟರೆ ವಿಮಾನಗಳಿಂದಲೇ ಜಪಾನನ್ನು ಬಗ್ಗಿಸುತ್ತೇನೆ ಎಂದು ಚೆನಾಲ್ಟ್ ಹೇಳಿದ. ಚಿಯಾಂಗ್ ಅವನ ಪಕ್ಷ. ಕಾಲಾಳುಪಡೆಯನ್ನು ಬಲಪಡಿಸದೆ ವಿಮಾನದಿಂದ ಪೀಡಿಸಿದರೆ, ಶತ್ರು ನೆಲದ ಮೇಲೆ ಬಂದು ವಿಮಾನನೆಲೆಗಳನ್ನೇ ಹಿಡಿಯುತ್ತಾನೆ ಎಂದು ಸ್ಟಿಲ್‌ವೆಲ್ ಎಚ್ಚರಿಸಿದ. ೧೯೪೩ರ ಮೇ ತಿಂಗಳಲ್ಲಿ ರೂಸ್‌ವೆಲ್ಟ್ ಚೆನಾಲ್ಟನ ಕಡೆಗೆ ತೀರ್ಪಿತ್ತ.

ಸ್ಟಿಲ್‌ವೆಲ್ಲನ ಸ್ಥಾನವೇ ವಿಚಿತ್ರವಾದದ್ದು. ಅವನು ಒಂದೇ ಕಾಲಕ್ಕೆ ಚಿಯಾಂಗನ ಸೇನಾ ಮುಖ್ಯಾಧಿಕಾರಿ ಮತ್ತು ಅಮೆರಿಕದ ಸಾಮಾನಿನ ಬೀಗದ ಕೈ ಹಿಡಿದ ಕಣಜದವನು. ಒಡೆಯನಿಗೆ ವಿಧೇಯನಾಗಿರಬೇಕಾದವನ ಕೈಯಲ್ಲಿಯೇ ಒಡೆಯನ ಅನ್ನದ ಅಳತೆ! ಚಿಯಾಂಗನ ಮಾತಿನಲ್ಲೂ ನ್ಯಾಯವಿತ್ತು. ಜಗತ್ತಿಗೆಲ್ಲ ಮುಂಚೆ ಐದು ವರ್ಷ ಹೊಡೆತ ತಿಂದ ದೇಶ ತನ್ನದು. ಬ್ರಿಟನ್ನಿಗೂ ರಷ್ಯಕ್ಕೂ ಹೋದ ಸಾಮಾನಿನ ಬಳಿ ತನಗೆ ಬಂದದ್ದು ಅಲ್ಪ. ತನಗೆಂದು ಮೀಸಲಿಟ್ಟದ್ದನ್ನೂ ಬೇರೆ ರಣರಂಗ ಎಳೆದುಕೊಳ್ಳುತ್ತದೆ. ೧೯೪೨ರಲ್ಲಿ ಭಾರತದಲ್ಲಿದ್ದ ಬಾಂಬರುಗಳನ್ನು ಈಜಿಪ್ಟಿಗೆ ತಿರುಗಿಸಿದಾಗ ಅವನು ಸಿಟ್ಟಾಗಿ, ಅಮೆರಿಕದ ಮೂರು ದಳ, ೫೦೦ ವಿಮಾನ, ತಿಂಗಳಿಗೆ ೫,೦೦೦ ಟನ್ನು ಎಂದು ಮೂರು ಬೇಡಿಕೆಗಳನ್ನು ಮುಂದಿಟ್ಟಿದ್ದ. ಸ್ಟಿಲ್‌ವೆಲ್ಲನ ಮಾತಿನಲ್ಲೂ ನ್ಯಾಯವಿತ್ತು. ಚೀನಾದ ಸೇನೆಯಲ್ಲಿ ಸಿಪಾಯಿಗೆ ಹೊಟ್ಟೆಗಿಲ್ಲ, ಅಧಿಕಾರಿಗಳಲ್ಲಿ ಲಂಚ, ಒಳ್ಳೆಯ ದಳಗಳನ್ನು ಚಿಯಾಂಗ್ ಕಮ್ಯೂನಿಸ್ಟರ ಭಯದಿಂದ ವಾಯುವ್ಯದಲ್ಲಿ ಕಾವಲಿಗೆ ಕೂರಿಸಿದ್ದಾನೆ. ಒಬ್ಬನು ಯುದ್ಧದಾಚೆಯ ನಾಳೆಯನ್ನು ನೋಡುತ್ತಿದ್ದ, ಇನ್ನೊಬ್ಬನು ಇಂದಿನ ಯುದ್ಧವನ್ನು. ಇಬ್ಬರೂ ಕಂಡದ್ದು ಸುಳ್ಳಲ್ಲ.

ಚೀನಾದ ಸಿಪಾಯಿ ಕೆಲಸಕ್ಕೆ ಬಾರದವನೆಂಬ ಮಾತು ಮಾತ್ರ ಸುಳ್ಳೆಂಬುದನ್ನು ನಮ್ಮ ದೇಶದಲ್ಲಿಯೇ ತೋರಿಸಿದರು. ಬರ್ಮಾದಿಂದ ಹಿಂದೆ ಸರಿದು ಬಂದ ಚೀನೀ ದಳಗಳನ್ನು ಆಗಿನ ಬಿಹಾರಕ್ಕೆ ಸೇರಿದ್ದ ರಾಮಗಢದಲ್ಲಿ ಇರಿಸಲಾಯಿತು. ಹಿಂದಿರುಗುವ ಸಾಮಾನಿನ ವಿಮಾನಗಳಲ್ಲಿ ಇನ್ನೂ ಸಾವಿರಾರು ಮಂದಿ ಬಂದು ಸೇರಿದರು. ಹೊಟ್ಟೆ ತುಂಬ ಊಟ, ಔಷಧ, ಹೊಸ ಬಂದೂಕು, ತರಬೇತು ಇಷ್ಟು ದೊರೆತುವು. ಮೂಳೆ ಚಕ್ಕಳವಾಗಿದ್ದವರು ತಿಂಗಳುಗಳಲ್ಲಿ ಬಲಿತರು. ಈ ಸೇನೆಯೇ ೧೯೪೩ರ ಕೊನೆಗೆ ಅಸ್ಸಾಮಿನಿಂದ ಬರ್ಮಾದೊಳಕ್ಕೆ ನುಗ್ಗಿ, ೧೯೪೪ರ ಮೇ ೧೭ರಂದು ಅಮೆರಿಕದ ಪಡೆಯೊಡನೆ ಮಿಚ್ಚೀನಾದ ವಿಮಾನನೆಲೆಯನ್ನು, ಆಗಸ್ಟ್ ೩ರಂದು ಊರನ್ನು ಗೆದ್ದಿತು. ಹಿಣಿಲಿನ ಹಾದಿ ದಕ್ಷಿಣಕ್ಕೆ ಇಳಿದು ಸುಲಭವಾಯಿತು. ಅವರ ಹಿಂದೆಯೇ ಅಸ್ಸಾಮಿನ ಲೀಡೊ ಊರಿನಿಂದ ಹೊಸ ರಸ್ತೆಯೊಂದು ಕಾಡನ್ನು ಸೀಳಿಕೊಂಡು ಬಂತು. ಅದನ್ನು ಕಡಿದ ಅಮೆರಿಕದ ಸುಮಾರು ೧೫,೦೦೦ ಸಿಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನೀಗ್ರೋ ಜನಾಂಗದವರೆಂದು ಆಗ ಕರೆಸಿಕೊಳ್ಳುತ್ತಿದ್ದ ಕರಿಯ ಅಮೆರಿಕನರು. ತಮ್ಮ ನಾಡಿನಲ್ಲಿಯೇ ಸಮಾನತೆ ಕಾಣದವರು. ಅವರ ಜೊತೆಗೆ ನಮ್ಮ ಕಡೆಯ ಕೂಲಿಗಳು ಹತ್ತಾರು ಸಾವಿರ.

ಇತ್ತ ಸ್ಟಿಲ್‌ವೆಲ್ಲನ ಎಚ್ಚರಿಕೆಯೂ ನಿಜವಾಯಿತು. ೧೯೪೪ರ ಏಪ್ರಿಲಿನಲ್ಲಿ ಜಪಾನು ಚೀನಾದ ಒಳನಾಡಿನಲ್ಲಿ ಮಹಾದಂಡಯಾತ್ರೆಯನ್ನು ಹೂಡಿತು. ಜೂನಿನಲ್ಲಿ ಚಾಂಗ್ಷಾ ಬಿತ್ತು. ಹೆಂಗ್ಯಾಂಗ್ ನಗರವನ್ನು ಚೀನೀ ದಳವೊಂದು ೪೭ ದಿನ ಕಾದು, ಆಗಸ್ಟ್ ೮ರಂದು ಸೋತಿತು. ತನ್ನ ವಾಯುಪಡೆಯ ಪಾಲಿನಿಂದ ಸಾವಿರ ಟನ್ನನ್ನು ಅಲ್ಲಿಯ ಭೂಸೇನೆಗೆ ಕೊಡುತ್ತೇನೆಂದು ಚೆನಾಲ್ಟ್ ಕೇಳಿದಾಗ ಸ್ಟಿಲ್‌ವೆಲ್ ಒಪ್ಪಲಿಲ್ಲ. ನವೆಂಬರಿನಲ್ಲಿ ಕ್ವೈಲಿನ್ ವಿಮಾನನೆಲೆಯೂ ಹೋಯಿತು. ಎಚ್ಚರಿಸಿದವನ ಮಾತು ಗೆದ್ದಿತು, ಆದರೆ ಗೆದ್ದ ಮಾತಿನ ಕೆಳಗೆ ಊರುಗಳು ಬಿದ್ದುವು.

ಇದೇ ವರ್ಷದಲ್ಲಿ ಜೋಳವಾಳಿಯ ಲೆಕ್ಕ ಬಹಿರಂಗವಾಗಿ ಬಂತು. ಯುನ್ನಾನಿನಲ್ಲಿದ್ದ ಚೀನೀ ಸೇನೆ ಸಾಲ್ವೀನ್ ನದಿಯನ್ನು ದಾಟಿ ಬರ್ಮಾದ ಕಡೆಗೆ ನಡೆಯಬೇಕೆಂದು ಅಮೆರಿಕ ಒತ್ತಾಯಿಸಿತು. ನಡೆಯದಿದ್ದರೆ ಆ ಸೇನೆಗೆ ಬರುವ ಸಾಮಾನನ್ನು ನಿಲ್ಲಿಸುವುದಾಗಿ ಏಪ್ರಿಲಿನಲ್ಲಿ ತಿಳಿಸಿತು. ಮೇ ತಿಂಗಳಲ್ಲಿ ಸೇನೆ ನದಿಯನ್ನು ದಾಟಿತು. ಮುಂದೆ ಸೆಪ್ಟೆಂಬರಿನಲ್ಲಿ ಚೀನಾದ ಸಮಸ್ತ ಸೇನೆಯ ಅಧಿಪತ್ಯವನ್ನು ಸ್ಟಿಲ್‌ವೆಲ್ಲನಿಗೆ ಒಪ್ಪಿಸಬೇಕೆಂದು ರೂಸ್‌ವೆಲ್ಟನಿಂದ ಕಠಿಣವಾದ ಪತ್ರ ಬಂತು. ಆ ಪತ್ರವನ್ನು ಸ್ಟಿಲ್‌ವೆಲ್ ತಾನೇ ಕೈಯಾರೆ ಚಿಯಾಂಗನಿಗೆ ಕೊಟ್ಟ. ಅನ್ನದ ಋಣಕ್ಕೆ ಕತ್ತಿ ಹಿಡಿಯಬಹುದು. ಕತ್ತಿಯ ಹಿಡಿಯನ್ನೇ ಇನ್ನೊಬ್ಬನ ಕೈಗೆ ಕೊಟ್ಟರೆ ಅರಸುತನ ಉಳಿಯುವುದೆಲ್ಲಿ? ಚಿಯಾಂಗ್ ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಸ್ಟಿಲ್‌ವೆಲ್ಲನನ್ನೇ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ೧೯೪೫ರ ಫೆಬ್ರವರಿ ೪ರಂದು ಲೀಡೊ ರಸ್ತೆಯ ಮೊದಲ ಲಾರಿಗಳ ಸಾಲು ಕುನ್ಮಿಂಗನ್ನು ಸೇರಿದಾಗ, ಚಿಯಾಂಗ್ ಆ ರಸ್ತೆಗೆ ತಾನು ಹೊರಡಿಸಿದ ಸ್ಟಿಲ್‌ವೆಲ್ಲನ ಹೆಸರನ್ನೇ ಇಟ್ಟ.

ಒಟ್ಟು ಲೆಕ್ಕವನ್ನು ನೋಡೋಣ. ಲೆಂಡ್-ಲೀಸ್ ಶಾಸನದಲ್ಲಿ ಅಮೆರಿಕ ಕೊಟ್ಟದ್ದು ಸುಮಾರು ೫,೦೦೦ ಕೋಟಿ ಡಾಲರು. ಅದರಲ್ಲಿ ಚೀನಾದ ಪಾಲು ೧೬೦ ಕೋಟಿಯ ಆಸುಪಾಸು, ನೂರಕ್ಕೆ ಮೂರು. ಅದರಲ್ಲಿಯೂ ಗಣನೀಯವಾದ ಭಾಗ ಜಪಾನು ಶರಣಾದ ಮೇಲೆ ಸೇರಿದ್ದು. ಇನ್ನೊಂದು ತಟ್ಟೆಯಲ್ಲಿ, ಎಂಟು ವರ್ಷದಲ್ಲಿ ಸತ್ತ ಚೀನೀಯರು ಒಂದೂವರೆ ಕೋಟಿಗೂ ಮೇಲೆಂದು ಅಂದಾಜು. ಯುದ್ಧದ ಕೊನೆಯ ದಿನದವರೆಗೂ ಜಪಾನಿನ ಹತ್ತು ಲಕ್ಷದಷ್ಟು ಸಿಪಾಯಿಗಳು ಚೀನಾದ ನೆಲದಲ್ಲಿ ಸಿಕ್ಕಿಕೊಂಡಿದ್ದರು. ಅವರು ಅಲ್ಲಿಲ್ಲದಿದ್ದರೆ ಶಾಂತಸಾಗರದ ದ್ವೀಪಗಳಲ್ಲಿಯೋ ನಮ್ಮ ಮಣಿಪುರದ ಗಡಿಯಲ್ಲಿಯೋ ಇರುತ್ತಿದ್ದರು. ಹಾಗಾದರೆ ಯಾರು ಯಾರಿಗೆ ಋಣಿ?

ಹಿಣಿಲಿನ ಹಾದಿಯಿಂದ ಏನೂ ಆಗಲಿಲ್ಲವೆಂದು ಇದರ ಅರ್ಥವಲ್ಲ. ದಾರಿಗಳೆಲ್ಲ ಮುಚ್ಚಿದ ಕತ್ತಲೆಯಲ್ಲಿ, ದಿನದಿನವೂ ತಲೆಯ ಮೇಲೆ ಕೇಳುತ್ತಿದ್ದ ಎಂಜಿನುಗಳ ಸದ್ದು, ನೀವು ಒಂಟಿಯಲ್ಲ ಎಂದು ಹೇಳುತ್ತಿತ್ತು. ಮುತ್ತಿಗೆಯೊಳಗಿರುವವನಿಗೆ ಆ ಮಾತು ಟನ್ನುಗಳಲ್ಲಿ ಅಳೆಯತಕ್ಕದ್ದಲ್ಲ. ಚೀನಾ ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳದೆ ಕೊನೆಯವರೆಗೂ ನಿಂತಿತು.

ಆಮೇಲಿನದು ಬೇರೆ ಕಥೆ. ಕೊಟ್ಟ ಆಯುಧಗಳು ಚೀನಾದ ಅಂತರ್ಯುದ್ಧದಲ್ಲಿ ಬಳಕೆಯಾಗಿ, ಬಹಳಷ್ಟು ಕಮ್ಯೂನಿಸ್ಟರ ಕೈಸೇರಿದುವು. ೧೯೪೯ರಲ್ಲಿ ಚಿಯಾಂಗ್ ತೈವಾನ್ ದ್ವೀಪಕ್ಕೆ ಸರಿದ. ೧೯೫೦ರಲ್ಲಿ ಅಮೆರಿಕ ಮತ್ತು ಚೀನಾ ಕೊರಿಯಾದಲ್ಲಿ ಎದುರುಬದುರಾಗಿ ನಿಂತುವು. ಲೀಡೊ ರಸ್ತೆಯನ್ನು ಕಾಡು ತಿರುಗಿ ಪಡೆಯಿತು. ಅರುಣಾಚಲದ ಜೈರಾಮಪುರದ ಬಳಿ ಆ ಕಾಲದ ಗೋರಿಗಳು ಪೊದೆಗಳಡಿಯಿಂದ ೧೯೯೭ರಲ್ಲಿ ಹೊರಬಿದ್ದುವು. ರಾಮಗಢದಲ್ಲಿ ಚೀನೀ ಸಿಪಾಯಿಗಳ ಸ್ಮಶಾನವೊಂದಿದೆ. ಹಿಣಿಲಿನ ಇಳಿಜಾರಿನಲ್ಲಿ ಬಿದ್ದ ವಿಮಾನಗಳ ಅವಶೇಷಗಳನ್ನು ಬೇಟೆಗಾರರು ಕಂಡು ಹೇಳಿದ್ದುಂಟು. ಅವುಗಳಲ್ಲಿ ಕೆಲವನ್ನು ಒಟ್ಟುಗೂಡಿಸಿ ಪಾಸಿಘಾಟಿನಲ್ಲಿ ೨೦೨೩ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಎಷ್ಟೋ ಮನೆಗಳಲ್ಲಿ ಕಾಣೆಯಾದ ಮಗನ ಸುದ್ದಿ ಮೊಮ್ಮಕ್ಕಳ ಕಾಲಕ್ಕೆ ತಲಪಿತು.

ನಮ್ಮ ಹುಡುಗನ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಇಷ್ಟು. ಒಡೆಯನೂ ಆಳೂ ಆಗಿದ್ದವರ ನಡುವೆ ಜೋಳವಾಳಿ ಒಂದು ಧರ್ಮ. ಸಮಾನರ ನಡುವೆ ಅದನ್ನು ತಂದರೆ ಇಬ್ಬರಿಗೂ ಅಪಮಾನ. ಕೊಟ್ಟವನು ತನ್ನ ಚೀಲದ ತೂಕವನ್ನು ಎಣಿಸುತ್ತಾನೆ, ಪಡೆದವನು ತನ್ನ ಹೆಣಗಳನ್ನು ಎಣಿಸುತ್ತಾನೆ. ಎರಡು ಲೆಕ್ಕದ ಪುಸ್ತಕಗಳು ಎಂದಿಗೂ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೂ ಬೆಂಕಿ ಬಿದ್ದ ಮನೆಗೆ ನೀರು ಕೊಡಲೇಬೇಕು. ಆದರೆ ನೀರಿನ ಜೊತೆಗೆ ಆ ಮನೆಯ ಯಜಮಾನಿಕೆಯನ್ನು ಕೇಳಬಾರದು. ನೀರನ್ನು ಹೊತ್ತು ತಂದ ಮೂರನೆಯವನ ಬಾಯಾರಿಕೆಯನ್ನೂ ಮರೆಯಬಾರದು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಪರೀಕ್ಷೆಯಲ್ಲಿ ಏನು ಬರೆಯಲಿ ಸಾರ್?” ಎಂದ. “ಲೆಂಡ್-ಲೀಸ್, ೧೯೪೧” ಎಂದು ಬರೆ, ಅದಕ್ಕೆ ಒಂದು ಅಂಕ ಬರುತ್ತದೆ ಎಂದೆ.